ಬಾಸ್ ಹಿಡಿಯುವ ನೊಣಗಳು

ಬೊನವೆಂಚರನಿಗೆ ಕೊಂಕಣಿ, ತುಳು, ಕನ್ನಡ, ಹಿಂದಿ, ಇಂಗ್ಲಿಷು ಬರುತ್ತಿತ್ತು. ಟ್ಯಾಕ್ಸಿಯವರ ಹತ್ತಿರ ಚೌಕಾಸಿ ಮಾಡುವಷ್ಟು ಅರಬಿಯೂ ಬರುತ್ತಿತ್ತು. ಇಷ್ಟು ಭಾಷೆಗಳಲ್ಲಿ ಒಂದರಲ್ಲಾದರೂ ‘ಇಲ್ಲ’ ಎನ್ನಲು ಮಾತ್ರ ಬರುತ್ತಿರಲಿಲ್ಲ. ದೋಹಾದ ಬಿನ್ ಮಹಮೂದ್ ಬಡಾವಣೆಯ ಅವನ ಸಣ್ಣ ಫ್ಲಾಟಿನಲ್ಲಿ ಮಂಚದಡಿಯ ಸೂಟ್‌ಕೇಸುಗಳಲ್ಲಿ ಅರ್ಧದಷ್ಟು, ಊರಿಗೆ ಹೋದವರು ‘ಸ್ವಲ್ಪ ದಿನ ಇಟ್ಟಿರು ಬೊನ’ ಎಂದು ಬಿಟ್ಟುಹೋದವು. ಯಾರನ್ನಾದರೂ ಏರ್‌ಪೋರ್ಟಿಗೆ ಬಿಡುವುದಿದ್ದರೆ ಇಡೀ ಕಟ್ಟಡಕ್ಕೆ ನೆನಪಾಗುವುದು ಅವನ ಕಾರೇ. ಹೆಂಡತಿ ರೋಸಿ ಇದನ್ನೆಲ್ಲ ನೋಡಿ ನೋಡಿ ಬೈಯುವುದನ್ನೂ ಬಿಟ್ಟಿದ್ದಳು.

ಅವನ ಕೆಲಸ ಒಂದು ಕನ್ಸಲ್ಟೆನ್ಸಿ ಕಂಪನಿಯಲ್ಲಿ ಕಟ್ಟಡಗಳ ನಕ್ಷೆಗಳನ್ನು ಜೋಡಿಸಿಡುವುದು. ಹೊಸ ಚೀಫ್ ಇಂಜಿನಿಯರ್ ಬರುತ್ತಾರೆ, ಹೆಸರು ಟೆರೆನ್ಸ್ ಎಂದು ಕೇಳಿದಾಗ, ಖಂಡಿತ ನಮ್ಮ ಬಜ್ಪೆ ಕಡೆಯವರೇ ಇರಬೇಕೆಂದು ಅವನು ಕೊಂಕಣಿಯಲ್ಲೇ ಸ್ವಾಗತ ಹೇಳಲು ತಯಾರಾಗಿ ನಿಂತಿದ್ದ. ಬಂದವರು ಬಾಗಿಲಿಗೆ ತಲೆ ತಾಗುವಷ್ಟು ಎತ್ತರದ, ಕೆಂಪು ಮೀಸೆಯ ಕೆನಡಾದವರು. ಒಳ್ಳೆಯ ಮನುಷ್ಯ. ಮಾತು ಕಡಿಮೆ.

ದೋಹಾದಲ್ಲಿ ಏಷ್ಯನ್ ಗೇಮ್ಸ್ ನಡೆದ ಚಳಿಗಾಲ ಅದು. ಟೆರೆನ್ಸ್ ಸಾಹೇಬರು ಮರಳದಿಬ್ಬದ ಮೇಲೆ ಜೀಪು ಹತ್ತಿಸಲು ಹೋಗಿ, ಜೀಪು ಒಂದು ಕಡೆ ತಾವೊಂದು ಕಡೆ ಉರುಳಿ, ಬಲಗೈ ಮುರಿದುಕೊಂಡರು. ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಆಫೀಸಿಗೆ ಬಂದ ದಿನ ಬೊನವೆಂಚರನನ್ನು ಕರೆದರು.

“ನಿನಗೆ ಫ್ಲೈಸ್ ಬಗ್ಗೆ ಏನಾದರೂ ಗೊತ್ತಾ?”

ಆಫೀಸಿನ ಪ್ಯಾಂಟ್ರಿಯಲ್ಲಿ ನೊಣಗಳ ಕಾಟ ಜೋರಾಗಿದ್ದ ಸಮಯ. “ಎಸ್ ಸರ್, ಕಂಪ್ಲೇಂಟ್ ಕೊಟ್ಟಾಗಿದೆ. ನಾಳೆ ಬಂದು ಸ್ಪ್ರೇ ಮಾಡ್ತಾರೆ,” ಎಂದ ಬೊನವೆಂಚರ್.

“ಆ ಫ್ಲೈ ಅಲ್ಲ. ಕಟ್ಟುವ ಫ್ಲೈ. ನನಗೆ ಎರಡು ಕೈ ಬೇಕು. ನಿನ್ನ ಕೈ ಕೊಡ್ತೀಯಾ?”

ಏನು ಕಟ್ಟುವುದು, ಯಾಕೆ ಕಟ್ಟುವುದು ಒಂದೂ ತಿಳಿಯದೆ ಬೊನವೆಂಚರ್ “ಎಸ್ ಸರ್” ಎಂದ.

ವಾರದ ರಜೆಯ ಶುಕ್ರವಾರ ಇಗರ್ಜಿಯ ಪೂಜೆ ಮುಗಿಸಿಕೊಂಡು ಅಲ್ ಥುಮಾಮಾದ ಸಾಹೇಬರ ವಿಲ್ಲಾಕ್ಕೆ ಹೋದಾಗ ವಿಷಯ ಬಿಚ್ಚಿಕೊಂಡಿತು. ಬೇಸಿಗೆಯ ರಜೆಯಲ್ಲಿ ಸಾಹೇಬರು ತಮ್ಮೂರ ಸರೋವರದಲ್ಲಿ ಮೀನು ಹಿಡಿಯುತ್ತಾರೆ. ಅಲ್ಲಿ ಎರಡು ಜಾತಿಯ ಮೀನು: ಪೈಕ್, ಮೊಸಳೆಯ ಬಾಯಿಯದು, ತನ್ನ ಜಾತಿಯ ಮರಿಗಳನ್ನೇ ನುಂಗುವಂಥದು, ಇನ್ನೊಂದು ಬಾಸ್, ದಪ್ಪ ತುಟಿಯದು, ಸಿಡುಕಿನದು. ಎರಡಕ್ಕೂ ಸಣ್ಣ ಮೀನು ಕಂಡರೆ ಆಗದು, ಮೇಲೆಬಿದ್ದು ಕಚ್ಚುತ್ತವೆ. ಆದ್ದರಿಂದ ಬೆರಳಷ್ಟು ಉದ್ದದ ಕೊಕ್ಕೆಗೆ ಜಿಂಕೆಯ ಬಾಲದ ಕೂದಲು, ಹುಂಜದ ಪುಕ್ಕ, ಮಿರುಗುವ ಜರಿಯೆಳೆ ಎಲ್ಲ ನೂಲಿನಿಂದ ಬಿಗಿದು, ತಲೆಗೆ ಅಂಟು ಸುರಿದು, ಎರಡು ಪ್ಲಾಸ್ಟಿಕ್ ಕಣ್ಣು ಅಂಟಿಸಿದರೆ ನೀರಿನಲ್ಲಿ ಅದು ಸಣ್ಣ ಮೀನಿನ ಹಾಗೆ ಓಡಾಡುತ್ತದೆ. ನೋಡಲು ಮೀನಿನ ಹಾಗಿರುವುದಕ್ಕೆ ‘ನೊಣ’ ಎಂದು ಯಾಕೆ ಹೆಸರು ಎಂದರೆ ಸಾಹೇಬರಿಗೂ ಗೊತ್ತಿರಲಿಲ್ಲ. ಚಳಿಗಾಲ ಪೂರ್ತಿ ಕಟ್ಟಿದರೆ ಮಾತ್ರ ಬೇಸಿಗೆಗೆ ಸಾಕಾಗುತ್ತದೆ. ಪೈಕಿನ ಹಲ್ಲಿಗೆ ಒಂದು ನೊಣ ಒಂದು ಬೆಳಗಿಗೂ ಬಾಳುವುದಿಲ್ಲ.

ಕೊಕ್ಕೆ ಹಿಡಿಯುವ ಇಕ್ಕಳ, ನೂಲಿನ ಉರುಳೆಗಳು, ಪುಕ್ಕದ ಪೊಟ್ಟಣಗಳು ಎಲ್ಲವನ್ನೂ ಡಬ್ಬದಲ್ಲಿ ತುಂಬಿಸಿಕೊಂಡು ಬೊನವೆಂಚರ್ ಮನೆಗೆ ಬಂದ.

“ಎಂಥದು ಇದು?” ಎಂದಳು ರೋಸಿ.

“ನೊಣ ಕಟ್ಲಿಕ್ಕುಂಟು. ಬಾಸ್ ಹಿಡಿಯುವ ನೊಣ.”

ರೋಸಿ ಸೌಟು ಕೆಳಗಿಟ್ಟಳು. “ಬಾಸನ್ನು ಹಿಡೀಲಿಕ್ಕೆ ಬೇರೆಯವರು ಗಿಫ್ಟ್ ಕೊಡ್ತಾರೆ, ಊಟಕ್ಕೆ ಕರೀತಾರೆ. ನೀವು ನೊಣ ಕಟ್ತೀರಾ? ಮಂಡೆ ಸಮ ಉಂಟಲ್ಲ?”

“ಆ ಬಾಸ್ ಅಲ್ಲ ಮಾರಾಯ್ತಿ. ಬಾಸ್ ಅಂದ್ರೆ ಒಂದು ಮೀನು.”

“ಮತ್ತೆ ಬಾಸ್ ಯಾರು?”

“ಬಾಸ್‌ಗೆ ಬಾಸ್ ಬೇಕಂತೆ,” ಎಂದು ಹೇಳಿದವನಿಗೆ, ತಾನು ಹೇಳಿದ್ದು ತನಗೇ ಸರಿಹೋಗಲಿಲ್ಲ.

ಕೆಲಸ ಮಾತ್ರ ಅವನ ಬೆರಳಿಗೆ ಹತ್ತಿತು. ಬೊನವೆಂಚರ್ ಶಂಕರಪುರದವನು. ಅಲ್ಲಿ ಅಂಗಳದ ತುಂಬ ಮಲ್ಲಿಗೆ. ಶಾಲೆಗೆ ಹೋಗುವ ಮುಂಚೆ ಮನೆಯ ಮಕ್ಕಳೆಲ್ಲ ಬಾಳೆನಾರು ಹಿಡಿದು ಮೊಗ್ಗು ಕಟ್ಟಿ ಚೆಂಡು ಮಾಡಿಯೇ ಏಳಬೇಕು. ಗಂಡುಹುಡುಗ ಹೂ ಕಟ್ಟುವುದೆಂದು ನಾಚಿ ಆ ವಿದ್ಯೆಯನ್ನು ಅವನು ದೋಹಾದಲ್ಲಿ ಯಾರಿಗೂ ಹೇಳಿರಲಿಲ್ಲ. ಈಗ ಕೊಕ್ಕೆಯ ಮೇಲೆ ಕೂದಲಿಟ್ಟು ನೂಲು ಸುತ್ತುವಾಗ ಬೆರಳುಗಳು ತಮ್ಮಷ್ಟಕ್ಕೆ ಓಡಿದವು. ತೊಂದರೆಯೆಂದರೆ ಅವು ಮಲ್ಲಿಗೆಯ ಲೆಕ್ಕದಲ್ಲಿ ಓಡಿದವು. ಮೊದಲ ವಾರದ ನೊಣಗಳಲ್ಲಿ ಒಂದನ್ನು ಟೆರೆನ್ಸ್ ಸಾಹೇಬರು ಎಡಗೈಯಲ್ಲಿ ಎತ್ತಿ ತೂಗಿ ನೋಡಿದರು. ಒಂದೊಂದೂ ಮದುಮಗಳ ತುರುಬಿನಷ್ಟು ದಪ್ಪವಾಗಿತ್ತು.

“ತೆಳ್ಳಗೆ ಇರಬೇಕು. ನೀರು ಒಳಗೆ ಹಾದುಹೋಗಬೇಕು,” ಎಂದರು.

“ಎಸ್ ಸರ್.” ಹೂವಿನ ವ್ಯಾಪಾರದಲ್ಲಿ ಹೀಗೆ ತೆಳ್ಳಗೆ ಕಟ್ಟುವುದಕ್ಕೆ ಮೋಸ ಎನ್ನುತ್ತಾರೆ ಎಂಬುದನ್ನು ಅವನು ನುಂಗಿಕೊಂಡ.

ತೆಳ್ಳಗೆ ಕಟ್ಟುವುದನ್ನು ಕಲಿಯುವ ಹೊತ್ತಿಗೆ ಕ್ರಿಸ್ಮಸ್ ಬಂತು. ಅಷ್ಟರಲ್ಲಿ ಸಾಮಾನು ಖಾಲಿ. ಕೆನಡಾದಿಂದ ಹೊರಟ ಪಾರ್ಸೆಲ್ ಎಲ್ಲೋ ದಾರಿ ತಪ್ಪಿತ್ತು. “ಇಲ್ಲೇ ಏನಾದರೂ ಸಿಗಬಹುದಾ?” ಎಂದು ಸಾಹೇಬರು ಕೇಳಿದರು. ಬೊನವೆಂಚರ್ ಏನೆಂದ ಎಂದು ಬೇರೆ ಹೇಳಬೇಕಾಗಿಲ್ಲ.

ಸೂಕ್ ವಾಕಿಫ್ ಪೇಟೆಯ ಪಕ್ಷಿ ಅಂಗಡಿಯೊಂದರಲ್ಲಿ ಉಳ್ಳಾಲದ ಕಬೀರ್ ಕೆಲಸಕ್ಕಿದ್ದ. ಗಿಳಿ, ಪಾರಿವಾಳಗಳ ಗದ್ದಲದ ನಡುವೆ ಬೊನವೆಂಚರ್ ದನಿ ತಗ್ಗಿಸಿ, “ಹುಂಜದ ಪುಕ್ಕ ಬೇಕಿತ್ತು. ಕುತ್ತಿಗೆಯದ್ದು. ಉದ್ದ ಇರ್ಬೇಕು. ಹುಂಜ ಬೇಡ,” ಎಂದ.

ಕಬೀರ್ ಅವನನ್ನು ಮೇಲಿಂದ ಕೆಳಗೆ ನೋಡಿದ. “ನೀವು ಇಗರ್ಜಿಗೆ ಹೋಗುವವರಲ್ವಾ?”

“ಹೌದು. ಯಾಕೆ?”

“ಯಾರ ಮೇಲೆ ಮಾಡಿಸೋದು?”

“ಮಾಟ ಅಲ್ಲ ಮಾರಾಯ. ನೊಣ ಕಟ್ಲಿಕ್ಕೆ.”

“ನೊಣ ಕಟ್ಲಿಕ್ಕೆ,” ಎಂದು ಕಬೀರ್ ನಿಧಾನವಾಗಿ ಪುನರುಚ್ಚರಿಸಿ, ಒಂದು ಚೀಲ ಪುಕ್ಕ ತಂದು ತೋಳುದ್ದ ದೂರದಿಂದಲೇ ಕೊಟ್ಟ. ದುಡ್ಡನ್ನೂ ಮುಟ್ಟಲಿಲ್ಲ. “ಬೇಡ, ಬೇಡ. ಖಲಾಸ್. ನೀವು ಹೋಗಿ.”

ಪುಕ್ಕವೇನೋ ಆಯಿತು. ನೊಣದ ಮೈಗೆ ಬೇಕಾದ ಕಪ್ಪು ಉದ್ದೆಳೆ ಮಾತ್ರ ಎಲ್ಲಿಯೂ ಸಿಗಲಿಲ್ಲ. ಆಡಿನ ಕೂದಲು ಗುಂಗುರಾಯಿತು. ಹೊಲಿಗೆಯ ನೂಲು ನೀರಿಗೆ ಬಿದ್ದರೆ ಸತ್ತ ಹುಳುವಿನಂತೆ ಅಂಟಿಕೊಂಡಿತು. ಹೀಗಿರುವಾಗ ಒಂದು ಸಂಜೆ, ಕಪಾಟಿನ ಬಾಗಿಲಲ್ಲಿ ನೇತುಹಾಕಿದ್ದ ಮಗಳ ಭರತನಾಟ್ಯದ ಜಡೆ ಅವನ ಕಣ್ಣಿಗೆ ಬಿತ್ತು. ಮಗಳು ಮೆಲನಿ ಲೀಲಾಕ್ಷಿ ಟೀಚರ ಬಳಿ ನೃತ್ಯ ಕಲಿಯುತ್ತಿದ್ದಳು. ಅವಳ ಕೂದಲು ಗಿಡ್ಡವಾದ್ದರಿಂದ ಊರಿಂದ ತರಿಸಿದ ಚೌರಿಯ ಜಡೆ. ಅದರ ತುದಿಯಲ್ಲಿ ಮೂರು ಕಪ್ಪು ರೇಷ್ಮೆಯ ಕುಚ್ಚು.

ಬೊನವೆಂಚರ್ ಒಂದು ಕುಚ್ಚಿನಿಂದ ನಾಲ್ಕೆಳೆ ಮಾತ್ರ ತೆಗೆದ. ಬಚ್ಚಲಿನ ಬಕೆಟ್ಟಿನಲ್ಲಿ ಅಲ್ಲಾಡಿಸಿ ನೋಡಿದ. ಎಳೆಗಳು ಉಸಿರಾಡಿದಂತೆ ಆಡಿದವು. ಅವನಿಗೆ ತಡೆಯಲಾಗಲಿಲ್ಲ, ಆ ಕುಚ್ಚನ್ನು ಪೂರ್ತಿ ಕತ್ತರಿಸಿದ. ಎರಡೇ ಉಳಿದಾಗ ಜಡೆ ಒಂದು ಕಡೆ ವಾಲಿದಂತೆ ಕಂಡಿತು. ಸರಿಮಾಡಲೆಂದು ಉಳಿದೆರಡನ್ನೂ ತೆಗೆದ. ಮೂರು ನೊಣಗಳು ಹುಟ್ಟಿದವು: ಕಪ್ಪು ಮೈ, ಚಿನ್ನದ ಜರಿ, ಹಳದಿ ಕಣ್ಣು. ಚಳಿಗಾಲದಲ್ಲಿ ಅವನು ಕಟ್ಟಿದವುಗಳಲ್ಲೆಲ್ಲ ಅಷ್ಟು ಚಂದದ್ದು ಬೇರೆ ಇರಲಿಲ್ಲ. ಹೊಸ ಕುಚ್ಚು ತಂದರಾಯಿತು ಎಂದುಕೊಂಡು ಮರೆತುಬಿಟ್ಟ.

ನೃತ್ಯ ತರಗತಿಯ ವಾರ್ಷಿಕೋತ್ಸವ ಒಂದು ಶುಕ್ರವಾರ ಸಂಜೆ. ಬೆಳಿಗ್ಗೆ ರೋಸಿ ಜಡೆ ಹಿಡಿದು ಒಳಗಿನ ಕೋಣೆಯಿಂದ ಬಂದಳು.

“ಇದರ ಕುಚ್ಚೆಲ್ಲಿ?”

“ರಿಪೇರಿಗೆ ತೆಗೆದದ್ದು,” ಎಂದ ಬೊನವೆಂಚರ್. ಬಾಯಿಗೆ ಬಂದದ್ದು ಅದೇ.

ಶುಕ್ರವಾರ ಬೆಳಿಗ್ಗೆ ಅಂಗಡಿಗಳೆಲ್ಲ ಮುಚ್ಚಿರುತ್ತವೆ. ಬೇರೆ ದಾರಿ ಇರಲಿಲ್ಲ. ಮೂರು ನೊಣಗಳನ್ನೂ ಜಡೆಯ ತುದಿಗೆ ಬಿಗಿದ. ಕಣ್ಣು ಕೀಳಲು ನೋಡಿದ, ಅಂಟು ಬಿಡಲಿಲ್ಲ. ಇಕ್ಕಳದಿಂದ ಒಂದು ಕೊಕ್ಕೆ ತುಂಡರಿಸಿದ, ಎರಡನೆಯದನ್ನು ತುಂಡರಿಸಿದ, ಅಷ್ಟರಲ್ಲಿ ಬಾಗಿಲು ತಟ್ಟಿದ ಸದ್ದು. ಮೇಲಿನ ಮಹಡಿಯ ಸಿರಿಲ್. “ಬೊನ, ಅತ್ತೆಯನ್ನು ಏರ್‌ಪೋರ್ಟಿಗೆ ಬಿಡ್ಬೇಕಿತ್ತು. ಟ್ಯಾಕ್ಸಿ ಮಾಫಿ, ಒಂದೂ ಇಲ್ಲ. ಯಲ್ಲಾ, ಹೊರಡು.” ಬೊನವೆಂಚರ್ ಇಕ್ಕಳ ಕೆಳಗಿಟ್ಟು ಹೊರಟ; ವಿಮಾನ ತಡವಾಗಿ ಅವನು ಮರಳುವಾಗ ಸಂಜೆಯಾಗಿ, ಮೂರನೆಯ ಕೊಕ್ಕೆ ಮರೆತೇಹೋಯಿತು.

ಮೆಲನಿ ಅಲಂಕಾರ ಮಾಡಿಸಿಕೊಳ್ಳುತ್ತಾ ಅಮ್ಮನಿಗೆ ಹೇಳಿದಳು: “ಮಮ್ಮಿ, ಕುಚ್ಚು ನನ್ನನ್ನೇ ನೋಡ್ತಾ ಉಂಟು.” ಹೊತ್ತಾಗಿತ್ತು. ರೋಸಿ ಜಡೆಯನ್ನು ಹಿಂದಕ್ಕೆ ಎಸೆದು ಮಗಳನ್ನು ಕಾರಿಗೆ ಹತ್ತಿಸಿದಳು.

ಸಭಾಂಗಣದ ಮುಂದಿನ ಸಾಲಿನಲ್ಲಿ ಟೆರೆನ್ಸ್ ಸಾಹೇಬರೂ ಇದ್ದರು. ನಾನೂ ಬರಬಹುದೇ ಎಂದು ಕೇಳಿದ್ದರು, ಉತ್ತರ ಎಂದಿನದೇ. ಅವರ ಕೈಯ ಪ್ಲಾಸ್ಟರ್ ಅದೇ ವಾರ ತೆಗೆದಾಗಿತ್ತು. ವೇದಿಕೆಯ ಬದಿಯಲ್ಲಿ ಲೀಲಾಕ್ಷಿ ಟೀಚರ್ ಹಸಿರು ಕಂಚಿ ಸೀರೆಯುಟ್ಟು, ತಾಳ ಹಿಡಿದು ಕುಳಿತಿದ್ದರು. ಮೆಲನಿ ಚೆನ್ನಾಗಿಯೇ ಕುಣಿದಳು. ನೃತ್ಯ ಮುಗಿಸುವ ತೀರ್ಮಾನದ ಹೊತ್ತಿಗೆ ಗರಗರ ಸುತ್ತಬೇಕು. ಸುತ್ತುತ್ತ ಟೀಚರ ಪಕ್ಕಕ್ಕೇ ಬಂದಳು. ಜಡೆ ಹಾರಿತು. ಮೂರನೆಯ ನೊಣ ಗಾಳಿಯಲ್ಲಿ ಮಿಂಚಿ ನೇರವಾಗಿ ಟೀಚರ ಸೆರಗಿನ ಮೇಲೆ ಇಳಿಯಿತು. ಮೆಲನಿ ಮುಂದಿನ ಹೆಜ್ಜೆ ಇಟ್ಟಳು. ಕೊಕ್ಕೆ ನಾಟಿತು.

ಸೆರಗು ಸೆಟೆದು ನಿಂತಿತು. ಟೀಚರ್ ಎಳೆದರು, ಮುಳ್ಳಿನ ಕೊಕ್ಕೆ, ಎಳೆದಷ್ಟೂ ಒಳಗೆ ಹೋಯಿತು. ವೇದಿಕೆಯ ಮೇಲೆ ಭೂಮಿ ಬಾಯಿಬಿಟ್ಟರೂ ನಿಲ್ಲಿಸಬಾರದೆಂದು ಟೀಚರೇ ಕಲಿಸಿದ್ದರು, ಮೆಲನಿ ನಿಲ್ಲಿಸಲಿಲ್ಲ. ಅವಳು ಬಲಕ್ಕೆ ಸರಿದಂತೆ ಟೀಚರೂ ಎದ್ದು, ತಾಳ ತಪ್ಪದಂತೆ “ತಾ ತೈ ತೈ ತ” ಎನ್ನುತ್ತಲೇ ಹಿಂದೆ ಹಿಂದೆ ನಡೆದರು. ಮೆಲನಿ ಎಡಕ್ಕೆ ಬಂದಳು, ಟೀಚರೂ ಬಂದರು. ಇದು ಹೊಸ ನಮೂನೆಯ ಗುರುಶಿಷ್ಯರ ನೃತ್ಯವೆಂದು ತಿಳಿದು ಸಭೆ ಚಪ್ಪಾಳೆ ತಟ್ಟಿತು.

ಟೆರೆನ್ಸ್ ಸಾಹೇಬರು ಬೊನವೆಂಚರನ ಕಡೆ ಬಾಗಿ ಮೆಲ್ಲಗೆ ಕೇಳಿದರು. “ಅದು ನನ್ನ ಫ್ಲೈ ಅಲ್ಲವಾ?”

“ಎಸ್ ಸರ್.”

ಸಾಹೇಬರು ಇನ್ನೊಂದು ಸುತ್ತು ನೋಡಿದರು. “ಹಿಡಿತ ಚೆನ್ನಾಗಿದೆ,” ಎಂದರು.

ಪರದೆ ಬಿದ್ದ ಮೇಲೆ ಕೊಕ್ಕೆ ಬಿಡಿಸಿದ್ದೂ ಅವರೇ. ಅದರ ಬೆನ್ನನ್ನು ಹೆಬ್ಬೆರಳಿನಿಂದ ಒತ್ತಿ, ನೂಲಿನ ಕುಣಿಕೆಯೊಂದನ್ನು ಹಾಕಿ ಒಂದೇ ಜಗ್ಗು. ಸೀರೆಯ ಒಂದೆಳೆಯೂ ಹರಿಯಲಿಲ್ಲ. ಲೀಲಾಕ್ಷಿ ಟೀಚರ್ ಆ ಹಳದಿ ಕಣ್ಣಿನ ವಸ್ತುವನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು ಬೊನವೆಂಚರನನ್ನು ನೋಡಿದರು.

“ಎಂಥದು ಇದು?”

“ನೊಣ, ಟೀಚರ್.”

“ನೊಣ.”

“ಮೀನು ಹಿಡಿಯುವಂಥದು. ತಪ್ಪು ನನ್ನದೇ, ಟೀಚರ್. ಮಗುವಿಗೆ ಗೊತ್ತಿಲ್ಲ, ರೋಸಿಗೂ ಗೊತ್ತಿಲ್ಲ.”

ಟೀಚರ್ ನೊಣವನ್ನು ಅವನ ಅಂಗೈಯಲ್ಲಿಟ್ಟು, ಸೆರಗು ಸರಿಪಡಿಸಿಕೊಂಡು ಹೋದರು. ರೋಸಿ ಮಾತ್ರ ಮನೆಗೆ ಹೋಗುವ ದಾರಿಯುದ್ದಕ್ಕೂ ಹೇಳಿದಳು. ಬೈಯುವುದನ್ನು ಬಿಟ್ಟ ಕಾಲದ್ದೆಲ್ಲ ಬಾಕಿ ಸೇರಿಸಿ ಹೇಳಿದಳು. ಹಿಂದಿನ ಸೀಟಿನಲ್ಲಿ ಮೆಲನಿ ಬಾಯಿಗೆ ಕೈಯಿಟ್ಟು ನಗುತ್ತಿದ್ದಳು. ಬೊನವೆಂಚರನಿಗೆ ಅವಮಾನವಾಗಿದ್ದು ನಿಜ. ಆದರೆ ಆ ನೊಣ ಬೆಳಕಿನಲ್ಲಿ ಹಾರಿದ ರೀತಿ ನೆನೆದಾಗ ಒಳಗೊಳಗೇ ಖುಷಿಯೂ ಆಗುತ್ತಿತ್ತು, ಅದನ್ನು ಹೇಳಿಕೊಳ್ಳುವ ಹಾಗಿರಲಿಲ್ಲ.

ಕೆಲವು ದಿನಗಳ ನಂತರ ಟೀಚರ ಫೋನ್ ಬಂತು. ಬೊನವೆಂಚರ್ ಎದ್ದು ನಿಂತು ಮಾತಾಡಿದ.

“ಬೇರೆ ಮಕ್ಕಳ ತಾಯಂದಿರು ಕೇಳ್ತಿದ್ದಾರೆ, ಮೆಲನಿಯ ಕುಚ್ಚು ಅಷ್ಟು ಹೊಳೀತಿತ್ತಲ್ಲ, ಎಲ್ಲಿಂದ ತಂದದ್ದು ಅಂತ. ಮಾಡಿಕೊಡ್ತೀರಾ?”

“ಆಯ್ತು ಟೀಚರ್.”

“ಕೊಕ್ಕೆ ಬೇಡ.”

“ಆಯ್ತು ಟೀಚರ್.”

“ಕಣ್ಣೂ ಬೇಡ.”

ಹೀಗೆ ಆ ಚಳಿಗಾಲ ಮುಗಿಯುವ ಹೊತ್ತಿಗೆ ಊಟದ ಮೇಜಿನ ಒಂದು ಕಡೆ ಪೈಕಿನ ನೊಣಗಳು, ಇನ್ನೊಂದು ಕಡೆ ನಾಟ್ಯದ ಕುಚ್ಚುಗಳು ಒಣಗುತ್ತಿದ್ದವು. ಮೂವರೂ ನಡುವೆ ಇದ್ದ ಜಾಗದಲ್ಲಿ ಊಟ ಮಾಡುತ್ತಿದ್ದರು.

ಜುಲೈಯಲ್ಲಿ, ದೋಹಾ ಕಾದ ಬಾಣಲೆಯಂತಾಗಿದ್ದಾಗ, ಕೆನಡಾದಿಂದ ಒಂದು ಫೋಟೋ ಬಂತು. ಬೊನವೆಂಚರ್ ಆಫೀಸಿನಲ್ಲಿ ಕಲರ್ ಪ್ರಿಂಟ್ ತೆಗೆದು ಮನೆಗೆ ತಂದ. ದೋಣಿಯಲ್ಲಿ ಟೆರೆನ್ಸ್ ಸಾಹೇಬರು. ಅವರ ಎರಡೂ ಕೈಗಳಲ್ಲಿ ಮಗುವಿನಷ್ಟು ಉದ್ದದ ಮೀನು. ಮೀನಿನ ದವಡೆಯಲ್ಲಿ, ಕಪ್ಪು ಮೈ ಚಿನ್ನದ ಜರಿಯ, ಅವನೇ ಕಟ್ಟಿದ ನೊಣ. ಅವನು ಅದನ್ನು ಮತ್ತೆ ಮತ್ತೆ ನೋಡಿದ.

ರೋಸಿ ಕೈ ಒರೆಸಿಕೊಂಡು ಬಂದು ನೋಡಿದಳು. ಅವಳಿಗೂ ಮೆಚ್ಚುಗೆಯಾಯಿತು. “ಅಬ್ಬ, ಎಂಥ ಮೀನು. ಎಂತ ಮಾಡಿದ್ರಂತೆ? ಫ್ರೈಯಾ, ಗಸಿಯಾ?”

“ಬಿಟ್ರಂತೆ.”

“ಎಲ್ಲಿಗೆ?”

“ನೀರಿಗೆ. ಯಾವಾಗ್ಲೂ ಬಿಡ್ತಾರಂತೆ. ಫೋಟೋ ತೆಗೆದು ಬಿಡೋದು.”

ರೋಸಿ ಫೋಟೋ ನೋಡಿದಳು, ಗಂಡನನ್ನು ನೋಡಿದಳು, ಮೇಜಿನ ಮೇಲಿದ್ದ ಇಕ್ಕಳ ನೂಲುಗಳನ್ನು ನೋಡಿದಳು. ಕುರ್ಚಿ ಎಳೆದು ಕುಳಿತುಕೊಂಡಳು.

“ಆ ಮನುಷ್ಯ ರಜೆ ಮುಗಿಸಿ ಬಂದ ಕೂಡ್ಲೇ ಊಟಕ್ಕೆ ಕರೀರಿ,” ಎಂದಳು ಕೊನೆಗೆ. “ಅಂಜಲ್ ಮೀನು ತಂದು ಫ್ರೈ ಮಾಡ್ತೇನೆ. ಮೀನು ಇರೋದು ಎಂತಕ್ಕೆ ಅಂತ ಅವರಿಗೆ ಯಾರಾದ್ರೂ ತೋರಿಸ್ಬೇಕಲ್ಲ.”

ಸೆಪ್ಟೆಂಬರಿನಲ್ಲಿ ಟೆರೆನ್ಸ್ ಸಾಹೇಬರು ಊಟಕ್ಕೆ ಬಂದರು. ಮೊದಲ ತುಂಡಿಗೆ ಬೆವರಿದರು, ಎರಡನೆಯದಕ್ಕೆ ಮೂಗು ಒರೆಸಿಕೊಂಡರು, ಮೂರನೆಯದನ್ನು ತಾವೇ ಕೇಳಿ ಹಾಕಿಸಿಕೊಂಡರು.