ಉಪ್ಪಿನಕಾಯಿ ಬಾಟಲಿಯಲ್ಲಿ ಬಂದ ಸಾಕ್ಷಿ

೧೯೯೬ನೇ ಇಸವಿ. ಸರ್ಕಾರಿ ಪಶುವೈದ್ಯೆಯ ಕೆಲಸ ಬಿಟ್ಟು ದೊಮ್ಮಲೂರಿನಲ್ಲಿ ನಾಯಿ ಬೆಕ್ಕುಗಳ ಕ್ಲಿನಿಕ್ ತೆರೆದು ನನಗೆ ಎರಡು ವರ್ಷವಾಗಿತ್ತು. ಮುಂದೆ ಕಾಯುವವರಿಗೆ ಒಂದು ಬೆಂಚು, ನಡುವೆ ಪರೀಕ್ಷೆಯ ಮೇಜು, ಹಿಂದೆ ಮೈಕ್ರೋಸ್ಕೋಪ್ ಇಟ್ಟ ಸಣ್ಣ ಕೋಣೆ, ಅಷ್ಟೇ ಜಾಗ. ವಾಂತಿ, ಭೇದಿ, ಕೀವು ಇವೆಲ್ಲ ನಮ್ಮ ಕೆಲಸದವರಿಗೆ ಹೇಸಿಗೆಯಲ್ಲ, ಸೋಪು ಹಾಕಿ ಕೈ ತೊಳೆದರೆ ಹೋಗುತ್ತದೆ. ಆ ವರ್ಷ ನನಗೆ ಹೇಸಿಗೆ ಹುಟ್ಟಿಸಿದ್ದು ಮೂರು ಹೊತ್ತು ಕೈಕಾಲು ತೊಳೆದುಕೊಂಡು ಶುದ್ಧವಾಗಿರುವ ಒಂದು ಮನೆ.

ಆಷಾಢದ ಕೊನೆಯಲ್ಲಿ ಜೀವನ್ ಬಿಮಾ ನಗರದಿಂದ ಸತ್ಯನಾರಾಯಣ ಮತ್ತು ಅವರ ಹೆಂಡತಿ ವಿಮಲಾ ತಮ್ಮ ಪಮೇರಿಯನ್ ನಾಯಿಯನ್ನು ತಂದರು. ಆತ ಒಂದು ಕಾರ್ಖಾನೆಯಲ್ಲಿ ಸೂಪರ್‌ವೈಸರ್. ನಾಯಿಯ ಹೆಸರು ಪಿಂಕಿ, ತೂಕ ನಾಲ್ಕೂವರೆ ಕೆಜಿ. ನಾಲ್ಕು ದಿನದಿಂದ ಮೂಲೆ ಹಿಡಿದು ಮಲಗಿತ್ತು. ತುಟಿ ಎತ್ತಿ ನೋಡಿದರೆ ಒಸಡು ಬಿಳಚಿಕೊಂಡಿತ್ತು, ಮೂತ್ರ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತ್ತು. ರಕ್ತದಲ್ಲಿ ಕೆಂಪು ಕಣಗಳ ಪಾಲು ಎಷ್ಟು ಎಂದು ತಿಳಿಸುವ ಪಿಸಿವಿ ಪರೀಕ್ಷೆ ಮಾಡಿದೆ. ನಾಯಿಗೆ ನಲವತ್ತರ ಆಸುಪಾಸು ಇರಬೇಕಾದದ್ದು ಇಪ್ಪತ್ನಾಲ್ಕಿತ್ತು.

"ಏನು ಊಟ ಹಾಕ್ತೀರಿ?" ಎಂದು ಕೇಳಿದೆ.

"ಮೊಸರನ್ನ ಮೇಡಂ, ಮಧ್ಯಾಹ್ನ ಸ್ವಲ್ಪ ಹುಳಿಯನ್ನ. ನಮ್ಮನೇಲಿ ಮೊಟ್ಟೇನೂ ತರಲ್ಲ. ನಮ್ ಪಿಂಕಿ ಪ್ಯೂರ್ ವೆಜ್" ಎಂದರು ಸತ್ಯನಾರಾಯಣ. ನಾಯಿಗೂ ಮಡಿ ಕಲಿಸಿದ ಹೆಮ್ಮೆ ಅವರ ದನಿಯಲ್ಲಿತ್ತು.

ನಮ್ಮ ಊರಿನಲ್ಲಿ ಇಂಥ ಲಕ್ಷಣಕ್ಕೆ ಮೊದಲು ಅನುಮಾನಿಸುವುದು ಉಣ್ಣಿ ಹುಳ ಕಚ್ಚಿ ಬರುವ ಟಿಕ್ ಫೀವರ್. ಅದಕ್ಕೆ ಕೊಡುವ ಚುಚ್ಚುಮದ್ದು ಕೊಟ್ಟು ಕಳಿಸಿದೆ. ಮೂರು ವಾರದ ನಂತರ ಬಂದಾಗ ಪಿಂಕಿ ಬಾಲ ಅಲ್ಲಾಡಿಸುತ್ತಾ ಮೇಜಿನ ಮೇಲೆ ಕುಣಿಯಿತು. ಪಿಸಿವಿ ಮೂವತ್ತೈದಕ್ಕೆ ಏರಿತ್ತು. ಗುಣವಾದ ಕೀರ್ತಿಯನ್ನು ನಾನು ನನ್ನ ಸೂಜಿಗೆ ಕೊಟ್ಟುಕೊಂಡೆ. ಸತ್ಯನಾರಾಯಣ ಅದನ್ನು ತಮ್ಮ ಗದರಿಕೆಗೆ ಕೊಟ್ಟರು.

"ಹಿಂದ್ಗಡೆ ರೂಮಿನವರಿಗೆ ಸರಿಯಾಗಿ ಬಿಸಿ ಮುಟ್ಟಿಸ್ದೆ ಮೇಡಂ. ಅವತ್ತಿಂದ ನಾಯಿ ಹುಷಾರಾಗ್ಬಿಡ್ತು. ಇನ್ನೇನು ಬೇಕು ಪ್ರೂಫು?"

ಅವರ ಮನೆಯ ಹಿಂದಿನ ರೂಮಿನಲ್ಲಿ ಯಾದಗಿರಿ ಕಡೆಯ ಬಸಪ್ಪ, ಶರಣಮ್ಮ ಎಂಬ ಗಂಡ ಹೆಂಡತಿ ಬಾಡಿಗೆಗಿದ್ದರು. ಆತ ಗಾರೆ ಕೆಲಸ, ಆಕೆ ಅಲ್ಲೇ ನಾಲ್ಕು ಮನೆಗಳಲ್ಲಿ ಪಾತ್ರೆ ತೊಳೆಯುತ್ತಿದ್ದಳು. ಮಗಳನ್ನು ಆ ವರ್ಷವೇ ಹತ್ತಿರದ ಶಾಲೆಗೆ ಸೇರಿಸಿದ್ದರು. ಅವರೇ ನಾಯಿಗೆ ವಿಷ ಹಾಕುತ್ತಿದ್ದಾರೆ ಎಂದು ಸತ್ಯನಾರಾಯಣ ನಿಶ್ಚಯಿಸಿಬಿಟ್ಟಿದ್ದರು. ಕಾರಣ ಕೇಳಿದರೆ, "ಆ ಜನಾನೇ ಹಂಗೆ" ಎಂದರು. ಪಕ್ಕದಲ್ಲಿದ್ದ ವಿಮಲಾ ತಲೆಯಾಡಿಸಿದರು. ಟಿಕ್ ಫೀವರ್ ಬಗ್ಗೆ ನಾನು ಮತ್ತೊಮ್ಮೆ ವಿವರಿಸಿದೆ. ಅದು ಅವರ ಕಿವಿಗೆ ಬೀಳಲೇ ಇಲ್ಲ.

ಗೌರಿ ಗಣೇಶ ಹಬ್ಬ ಕಳೆದು ಕೆಲವು ದಿನಗಳಾಗಿದ್ದವು. ಒಂದು ಭಾನುವಾರ ಬೆಳಿಗ್ಗೆ ಅವರು ಮತ್ತೆ ಬಂದಾಗ ಒಂದು ಮೆರವಣಿಗೆಯೇ ಜತೆಗಿತ್ತು. ವಿಮಲಾ ಅವರ ತೋಳಿನಲ್ಲಿ ಪಿಂಕಿ ಬಟ್ಟೆಯ ಗಂಟಿನ ಹಾಗೆ ಬಿದ್ದುಕೊಂಡಿತ್ತು. ಬೀದಿಯ ಇಬ್ಬರು ಗಂಡಸರು ಸಾಕ್ಷಿಗೆಂದು ಬಂದಿದ್ದರು. ಅವರ ನಡುವೆ, ಸೆರಗು ಬಾಯಿಗೆ ಒತ್ತಿಕೊಂಡು, ಶರಣಮ್ಮ. ಒಬ್ಬರ ಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದವಳನ್ನು ಅರ್ಧಕ್ಕೇ ಎಬ್ಬಿಸಿ ಕರೆತಂದಿದ್ದರು. ಕೈಯಲ್ಲಿ ಇನ್ನೂ ಬೂದಿ ಮೆತ್ತಿಕೊಂಡಿತ್ತು.

ಸತ್ಯನಾರಾಯಣ ನನ್ನ ಮೇಜಿನ ಮೇಲೆ ಎರಡು ವಸ್ತು ಇಟ್ಟರು. ಒಂದು, ಶರಣಮ್ಮನ ರೂಮಿನಲ್ಲಿ ಸಿಕ್ಕ ಇಲಿ ಪಾಷಾಣದ ಪೊಟ್ಟಣ. ಇನ್ನೊಂದು, ಹಳೆಯ ಉಪ್ಪಿನಕಾಯಿ ಬಾಟಲಿ. ಅದರೊಳಗೆ ಹಿಂದಿನ ಸಂಜೆ ಪಿಂಕಿ ಮಾಡಿದ ವಾಂತಿಯಿತ್ತು.

"ಲ್ಯಾಬಿಗೆ ಕಳ್ಸಿ ಮೇಡಂ. ವಿಷ ಅಂತ ಬರ್ಕೊಡಿ. ಸ್ಟೇಷನ್ನಿಗೆ ಕೊಟ್ಟು ಇವತ್ತೇ ಇವ್ರನ್ನ ರೂಮಿಂದ ಆಚೆ ಹಾಕ್ತೀನಿ."

ಶರಣಮ್ಮ ನನ್ನ ಕಡೆ ತಿರುಗಿದಳು. "ಜ್ವಾಳದ ಚೀಲ ಇಲಿ ಕಡೀತಾವಂತ ತಂದಿದ್ದೆವ್ರಿ ಅಕ್ಕಾರ. ಪೊಟ್ಣ ಇನ್ನಾ ಒಡದೇ ಇಲ್ಲ ನೋಡ್ರಿ. ಮೂಕ ಜೀವಕ್ಕ ನಾವ್ಯಾಕ ವಿಷಾ ಹಾಕ್ತೀವ್ರಿ?"

ಪೊಟ್ಟಣದ ಅಂಟು ನಿಜಕ್ಕೂ ಬಿಚ್ಚಿರಲಿಲ್ಲ. ಅಷ್ಟು ಜನರಲ್ಲಿ ಒಬ್ಬರೂ ಅದನ್ನು ನೋಡುವ ಗೋಜಿಗೆ ಹೋಗಿರಲಿಲ್ಲ.

ಮೊದಲು ನಾಯಿಯ ಜೀವ ಉಳಿಯಬೇಕಿತ್ತು. ಪಿಸಿವಿ ಹದಿಮೂರಕ್ಕೆ ಕುಸಿದಿತ್ತು. ನನ್ನದೇ ಲ್ಯಾಬ್ರಡಾರ್ ನಾಯಿಯನ್ನು ಮನೆಯಿಂದ ತರಿಸಿ, ಅದರ ರಕ್ತ ತೆಗೆದು ಪಿಂಕಿಗೆ ಹನಿಹನಿಯಾಗಿ ಏರಿಸಲು ಶುರುಮಾಡಿದೆ. ಅದು ಇಳಿಯುತ್ತಿರುವಾಗ ಮೊದಲೇ ತೆಗೆದಿಟ್ಟಿದ್ದ ಪಿಂಕಿಯದೇ ರಕ್ತದ ಒಂದು ಹನಿಗೆ ವಿಶೇಷ ಬಣ್ಣ ಹಾಕಿ ಮೈಕ್ರೋಸ್ಕೋಪಿನಡಿ ಇಟ್ಟೆ. ಟಿಕ್ ಫೀವರಿನ ರೋಗಾಣು ಒಂದೂ ಕಾಣಲಿಲ್ಲ. ಬದಲಿಗೆ ಕೆಂಪು ಕಣಗಳ ಅಂಚಿನಲ್ಲಿ ಸಣ್ಣ ನೀಲಿ ಗುಬಟುಗಳು ಎದ್ದಿದ್ದವು. ಇವಕ್ಕೆ ಹೈಂಜ್ ಬಾಡಿ ಎನ್ನುತ್ತಾರೆ. ಹಿಮೋಗ್ಲೋಬಿನ್ ಒಳಗಿನಿಂದಲೇ ಕೆಟ್ಟು ಗಂಟುಕಟ್ಟಿದಾಗ ಹೀಗಾಗುತ್ತದೆ, ಆಮೇಲೆ ಆ ಕಣ ಒಡೆದುಹೋಗುತ್ತದೆ. ಇಲಿ ಪಾಷಾಣ ಹೀಗೆ ಮಾಡುವುದಿಲ್ಲ. ಅದು ಹೊಟ್ಟೆ ಸೇರಿದ್ದರೆ ಆಷಾಢದಲ್ಲೇ ನಾಯಿಯ ಕಥೆ ಮುಗಿದಿರುತ್ತಿತ್ತು.

ಬಾಟಲಿಯ ಮುಚ್ಚಳ ತೆಗೆದೆ. ರಾತ್ರಿಯೆಲ್ಲ ಮುಚ್ಚಿಟ್ಟಿದ್ದ ವಾಂತಿಯ ಹುಳಿ ನಾತಕ್ಕೆ ಸಾಕ್ಷಿಗೆ ಬಂದಿದ್ದ ಇಬ್ಬರೂ ಬಾಗಿಲಾಚೆ ಓಡಿದರು. ಚಿಮಟದಿಂದ ಕೆದಕಿದೆ. ಕಡಲೆಹಿಟ್ಟಿನ ಮುದ್ದೆ, ಎಣ್ಣೆ, ಅದರ ನಡುವೆ ಉದ್ದುದ್ದ ಹೆಚ್ಚಿದ ಈರುಳ್ಳಿ. ಒಂದೆರಡು ಎಳೆಯಲ್ಲ, ಹಿಡಿಯಷ್ಟು.

ದಂಪತಿಗಳನ್ನು ಒಳಗಿನ ಕೋಣೆಗೆ ಕರೆದೆ. "ಸಂಜೆ ಹೊತ್ತು ಇದಕ್ಕೆ ಏನು ಕೊಡ್ತೀರಿ?"

"ಊಟ ಏನಿಲ್ಲ ಮೇಡಂ" ಎಂದರು ವಿಮಲಾ. "ಇವ್ರು ಫ್ಯಾಕ್ಟರಿಯಿಂದ ಬಂದ್ಮೇಲೆ ಕಾಫಿ ಜತೆ ಈರುಳ್ಳಿ ಪಕೋಡ ಮಾಡ್ತೀನಿ. ಇವ್ರು ತಟ್ಟೆ ಹಿಡ್ಕೊಂಡು ಕೂತ್ರೆ ಸಾಕು, ಅದು ಬಂದು ಕಾಲು ಕೆರೆಯತ್ತೆ. ಮೂರು ನಾಲ್ಕು ತಿನ್ನತ್ತೆ. ಹುಳೀಲಿರೋ ಈರುಳ್ಳೀನೂ ಇಷ್ಟ ಅದಕ್ಕೆ."

ಮೊದಲ ದಿನ ನಾನು ಊಟ ಕೇಳಿದ್ದೆ, ಅವರು ಊಟ ಹೇಳಿದ್ದರು. ಪಕೋಡ ತಿಂಡಿ, ಅದು ಲೆಕ್ಕಕ್ಕೇ ಬಂದಿರಲಿಲ್ಲ.

"ಮಧ್ಯದಲ್ಲಿ ಒಂದು ತಿಂಗಳು ಹುಷಾರಾಗಿತ್ತಲ್ಲ, ಆಗ?"

"ಶ್ರಾವಣ ಅಲ್ವಾ ಮೇಡಂ? ನಮ್ಮತ್ತೆ ಕಾಲದಿಂದ್ಲೂ ಶ್ರಾವಣದಲ್ಲಿ ಈರುಳ್ಳಿ ಬೆಳ್ಳುಳ್ಳಿ ಮನೆಯೊಳಗೆ ಬರಲ್ಲ. ಹಬ್ಬ ಮುಗಿದ್ಮೇಲೇನೇ ಮತ್ತೆ..." ಎನ್ನುತ್ತಾ ಆಕೆ ಅಲ್ಲೇ ನಿಂತುಬಿಟ್ಟರು. ಬಣ್ಣ ಇಳಿದ ಮುಖದಲ್ಲಿ ಅರ್ಥವಾದದ್ದು ಕಾಣುತ್ತಿತ್ತು.

ವಿವರಿಸಿ ಹೇಳಿದೆ. ಹಸಿಯಿರಲಿ, ಬೇಯಿಸಿರಲಿ, ಕರಿದಿರಲಿ, ಈರುಳ್ಳಿ ಬೆಳ್ಳುಳ್ಳಿ ನಾಯಿ ಬೆಕ್ಕುಗಳ ಕೆಂಪು ರಕ್ತಕಣವನ್ನು ಒಡೆಯುತ್ತವೆ. ದಿನವೂ ಸ್ವಲ್ಪ ಸ್ವಲ್ಪ ಕೊಟ್ಟರೂ ಅಷ್ಟೇ. ತಿಂದ ದಿನವೇ ಗೊತ್ತಾಗುವುದಿಲ್ಲ, ಕೆಲವು ದಿನ ಕಳೆದು ಮಲಗಿಸುತ್ತದೆ. ಶ್ರಾವಣದಲ್ಲಿ ಪಿಂಕಿಯನ್ನು ಉಳಿಸಿದ್ದು ನನ್ನ ಸೂಜಿಯೂ ಅಲ್ಲ, ಯಜಮಾನರ ಗದರಿಕೆಯೂ ಅಲ್ಲ. ತೀರಿಹೋದ ಅತ್ತೆಯ ಕಟ್ಟಳೆ.

ವಿಮಲಾ ಅಳತೊಡಗಿದರು. ಆಕೆಯ ತಪ್ಪನ್ನು ನಾನು ಕ್ಷಮಿಸಬಲ್ಲೆ. ಗೊತ್ತಿಲ್ಲದೆ ಮುದ್ದಿನಿಂದ ಕೊಟ್ಟಿದ್ದರು, ಆ ಕಾಲಕ್ಕೆ ನಾಯಿ ಸಾಕುವವರಲ್ಲಿ ಹೆಚ್ಚಿನವರಿಗೆ ಇದು ಗೊತ್ತಿರಲಿಲ್ಲ. ಸತ್ಯನಾರಾಯಣ ಅಳಲಿಲ್ಲ. ಬಾಗಿಲ ಕಡೆ ನೋಡಿ, ದನಿ ತಗ್ಗಿಸಿ, ನನ್ನ ಹತ್ತಿರಕ್ಕೆ ಬಂದರು.

"ಇದು ನಮ್ಮಲ್ಲೇ ಇರ್ಲಿ ಮೇಡಂ. ಬೀದಿಗೆಲ್ಲಾ ಹೇಳ್ಬಿಟ್ಟಿದೀನಿ, ಈಗ ಇಲ್ಲ ಅಂದ್ರೆ ಮರ್ಯಾದೆ ಏನಾಗ್ಬೇಕು? ನೀವೇ ಹೇಳಿದ್ರಲ್ಲ, ಈರುಳ್ಳೀನೂ ನಾಯಿಗೆ ವಿಷಾನೇ ಅಂತ. ಬರೀ ವಿಷ ಅಂತ ಬರ್ಕೊಡಿ. ಯಾವ್ದು ಅಂತ ಬೇಡ. ನೀವು ಸುಳ್ಳು ಬರ್ದಂಗೂ ಆಗಲ್ಲ."

ಹುಳು ಬಿದ್ದ ಗಾಯಗಳಲ್ಲಿ ಕೈಹಾಕಿದ್ದೇನೆ, ಸತ್ತು ಮೂರು ದಿನವಾದ ಎಮ್ಮೆಯ ಹೊಟ್ಟೆ ಕೊಯ್ದಿದ್ದೇನೆ. ಆವತ್ತು ಮೊದಲ ಬಾರಿ ಕ್ಲಿನಿಕ್ಕಿನೊಳಗೆ ನನಗೆ ಓಕರಿಕೆ ಬಂತು. ಆತನ ಅಂಗಿ ಇಸ್ತ್ರಿಯಾಗಿತ್ತು, ಹಣೆಯಲ್ಲಿ ಗಂಧವಿತ್ತು. ಬಾಯಿಂದ ಬಂದ ಮಾತಿಗಿಂತ ಆ ಬಾಟಲಿಯ ನಾತವೇ ವಾಸಿ ಎನಿಸಿತು.

ಹೊರಗೆ ಬಂದೆ. ಬಾಗಿಲಾಚೆ ನಿಂತಿದ್ದ ಇಬ್ಬರನ್ನೂ ಒಳಗೆ ಕರೆದು, ಬಾಟಲಿಯನ್ನು ಅವರ ಮೂಗಿನ ಕೆಳಗೇ ಹಿಡಿದು, ಗಟ್ಟಿಯಾಗಿ ಹೇಳಿದೆ. "ಚೆನ್ನಾಗಿ ನೋಡ್ಕೊಳ್ಳಿ. ಇದು ಈರುಳ್ಳಿ ಪಕೋಡ. ನಾಯಿ ಸಾಯೋ ಹಾಗಾಗಿರೋದು ಇದರಿಂದ. ಇದನ್ನ ಕೊಟ್ಟೋರು ಇವರೇ, ದಿನಾ, ಸ್ವಂತ ಕೈಯಿಂದ. ಈ ಹೆಣ್ಣುಮಗಳು ಏನೂ ಮಾಡಿಲ್ಲ. ಸ್ಟೇಷನ್ನಿನವರು ಕೇಳಿದ್ರೂ ನಾನು ಇದನ್ನೇ ಹೇಳ್ತೀನಿ."

ಇಬ್ಬರೂ ಗಡಿಯಾರ ನೋಡಿಕೊಂಡು, ಏನೋ ಕೆಲಸ ನೆನಪಾದವರಂತೆ ಜಾಗ ಖಾಲಿ ಮಾಡಿದರು. ಶರಣಮ್ಮ ಮಾತ್ರ ನಂಬಲಾಗದೆ ನನ್ನನ್ನೇ ನೋಡುತ್ತಿದ್ದಳು.

"ಉಳ್ಳಾಗಡ್ಡಿ ತಿಂದ್ರ ನಾಯಿ ಸಾಯ್ತದೇನ್ರಿ ಅಕ್ಕಾರ?"

"ಸಾಯತ್ತೆ ಶರಣಮ್ಮ."

ಸತ್ಯನಾರಾಯಣ ಗಂಟಲು ಸರಿಮಾಡಿಕೊಂಡು ಬಂದರು. ಕ್ಷಮೆ ಕೇಳಬಹುದು ಎಂದುಕೊಂಡೆ. "ಆಯ್ತು ಬಿಡಮ್ಮಾ, ಹೋಗ್ಲಿ. ರೂಮ್ ಖಾಲಿ ಮಾಡೋದೇನೂ ಬೇಡ. ಇರಿ" ಎಂದರು, ದಾನ ಕೊಟ್ಟವರ ಹಾಗೆ.

ಶರಣಮ್ಮ ಸೆರಗಿನಿಂದ ಕೈಯ ಬೂದಿ ಒರೆಸಿಕೊಂಡಳು. "ಬ್ಯಾಡ್ರಿ ಸಾಹೇಬ್ರ. ನಾಳೆ ಆ ನಾಯಿ ಕೆಮ್ಮಿದ್ರೂ ನೀವು ನಮ್ ಬಾಗಿಲ ಕಡೀನೇ ನೋಡ್ತೀರಿ. ನನ್ ಮಗಳು ಅದೇ ಅಂಗಳದಾಗ ಆಡ್ಬೇಕು." ಇಷ್ಟು ಹೇಳಿ ನನಗೆ ಕೈಮುಗಿದು ಹೊರಟುಹೋದಳು. ವಾರದೊಳಗೆ ಅವರು ಕೆ.ಆರ್. ಪುರದ ಕಡೆಗೆ ಹೋದರೆಂದು ಆಮೇಲೆ ಗೊತ್ತಾಯಿತು. ಆ ಹುಡುಗಿಯ ಶಾಲೆ ಏನಾಯಿತೋ ತಿಳಿಯಲಿಲ್ಲ.

ಪಿಂಕಿ ಬದುಕಿತು. ಆ ಮೇಲಿನ ವರ್ಷಗಳಲ್ಲಿ ಜ್ವರ ಬಂದ ಬೆಕ್ಕಿಗೆ ಪ್ಯಾರಾಸಿಟಮಾಲ್ ನುಂಗಿಸಿ ಕೊಂದವರನ್ನು, ಹುಟ್ಟುಹಬ್ಬವೆಂದು ನಾಯಿಗೆ ಇಡೀ ಚಾಕೊಲೇಟ್ ತಿನ್ನಿಸಿದವರನ್ನು, ಅದೂ ನಾಯಿಗೆ ವಿಷವೆಂದು ತಿಳಿಯದೆ ಪ್ರಸಾದದ ಒಣದ್ರಾಕ್ಷಿ ಹಂಚಿದವರನ್ನು ಕಂಡೆ. ಅವರಲ್ಲಿ ಎಷ್ಟೋ ಜನ "ಯಾರೋ ವಿಷ ಹಾಕಿದ್ದಾರೆ" ಎಂದೇ ಮೆಟ್ಟಿಲು ಹತ್ತಿದವರು. ಯಾರು ಎಂದು ಕೇಳಿದರೆ ಕಾವಲಿನವನು, ಕೆಲಸದವಳು, ಬಾಡಿಗೆಯವರು, ಇಂಥವರದೇ ಹೆಸರು. ಹಾಗಾಗಿ ನಾಯಿಯನ್ನು ಮೇಜಿನ ಮೇಲೆ ಮಲಗಿಸುವ ಮೊದಲು ಅವರನ್ನು ಕೂರಿಸಿ, ಹಿಂದಿನ ವಾರದಿಂದ ಅದರ ಬಾಯಿಗೆ ಹೋದದ್ದನ್ನೆಲ್ಲ, ಊಟ ತಿಂಡಿ ಮಾತ್ರೆ ಪ್ರಸಾದ ಒಂದೂ ಬಿಡದೆ, ಹೇಳಿಸುವುದನ್ನು ರೂಢಿ ಮಾಡಿಕೊಂಡೆ.

ಸಂಕ್ರಾಂತಿಯ ಹೊತ್ತಿಗೆ ವಿಮಲಾ ಲಸಿಕೆ ಹಾಕಿಸಲು ಪಿಂಕಿಯನ್ನು ತಂದರು. ನಾಯಿ ಗುಂಡುಗುಂಡಾಗಿತ್ತು. ನಾನು ಸೂಜಿ ಸಿದ್ಧ ಮಾಡುತ್ತಿದ್ದಾಗ ಆಕೆ ಸಂತೋಷದಿಂದ, "ಹಿಂದ್ಗಡೆ ರೂಮಿಗೆ ಈ ಸಲ ಒಳ್ಳೆ ಜನ ಬಂದಿದಾರೆ ಮೇಡಂ" ಎಂದರು.

"ಮೊದಲಿದ್ದವರು ಏನು ಮಾಡಿದ್ರು?" ಎಂದು ಕೇಳಿದೆ.

ಆಕೆ ನಾಯಿಯ ತಲೆ ಸವರಿದರು. "ಅವ್ರೇನೂ ಮಾಡ್ಲಿಲ್ಲ, ನಿಜ. ಆದ್ರೂ..."

ಈ ವೃತ್ತಿಯಲ್ಲಿ ಎಷ್ಟೋ ವಿಷಗಳನ್ನು ಹೊಟ್ಟೆಯಿಂದ ಕಕ್ಕಿಸಿದ್ದೇನೆ, ರಕ್ತದಿಂದ ಇಳಿಸಿದ್ದೇನೆ. ಆ 'ಆದ್ರೂ' ಒಂದನ್ನು ಇಳಿಸುವ ಮದ್ದು ನನಗೆ ನಿವೃತ್ತಿಯವರೆಗೂ ಸಿಗಲಿಲ್ಲ.