ಹೆಂಚಿನ ಸಂದಿನ ಬಿಳುಪು

ಮೇಷ್ಟ್ರ ಬಲಗೈ ಬೆರಳುಗಳ ತುದಿಯಲ್ಲಿ ತೊನ್ನಿತ್ತು. ಹೊಸಬರು ಸೀಮೆಸುಣ್ಣದ ಪುಡಿ ಎಂದುಕೊಳ್ಳುತ್ತಿದ್ದರು. ಗೊತ್ತಾದ ಮೇಲೆ ಒಂದು ಹೆಜ್ಜೆ ಹಿಂದೆ ಸರಿಯುತ್ತಿದ್ದರು. ಯಲಹಂಕದ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಬಾಡಿಗೆಗಿದ್ದು, ದಿನಾ ರೈಲು ಹಿಡಿದು ಪೇಟೆಯ ಕಾಲೇಜಿಗೆ ಮನಶ್ಶಾಸ್ತ್ರದ ಪಾಠ ಹೇಳಲು ಹೋಗುತ್ತಿದ್ದರು. ಅಮ್ಮ ಅವರ ಕಾಫಿಗೆ ಬೇರೆ ಲೋಟ ಇಟ್ಟಿದ್ದಳು.

ಕಣ್ಣಿಗೆ ಕಪ್ಪು ಬಿಳುಪು ಹೇಗೆ ತಿಳಿಯುತ್ತದೆ ಎನ್ನುವುದೊಂದೇ ಅವರ ಹುಚ್ಚು. "ಬಿಸಿಲಲ್ಲಿರೋ ಇದ್ದಿಲು, ಅಡುಗೆಮನೆ ಹಾಲಿಗಿಂತ ಜಾಸ್ತಿ ಬೆಳಕು ಕಳಿಸುತ್ತೆ ಕಣಮ್ಮ. ಆದ್ರೂ ಇದ್ದಿಲು ಕಪ್ಪು. ಯಾಕೆ ಹೇಳು?" ಎಂದು ನನ್ನನ್ನು ಕಾಡುತ್ತಿದ್ದರು. ಮನಸ್ಸು ಮೇಲೆ ಬಿದ್ದ ಬೆಳಕಿನ ಪಾಲನ್ನು ಲೆಕ್ಕದಿಂದ ಕಳೆದು ಬಣ್ಣ ಹೇಳುತ್ತದೆ ಎಂದು ಕೆಲವು ಪಂಡಿತರು, ಕಣ್ಣು ಬರೀ ಪಕ್ಕದ್ದರ ಜೊತೆ ಹೋಲಿಸುತ್ತದೆ ಎಂದು ಇನ್ನು ಕೆಲವರು. ಆ ಜಗಳ ಇನ್ನೂ ಮುಗಿದಿಲ್ಲವಂತೆ. ನನಗೆ ಅದೆಲ್ಲ ಯಾಕೆ ಬೇಕಿತ್ತು!

ನನಗೆ ಗಂಡು ನೋಡುತ್ತಿದ್ದ ಕಾಲ. ಒಂದು ಬೆಳಿಗ್ಗೆ ಕತ್ತಲೆಯ ನಡುಮನೆಯಲ್ಲಿ ನನ್ನ ತಲೆ ಬಾಚುತ್ತಿದ್ದ ಅಮ್ಮನ ಕೈ ನಿಂತುಹೋಯಿತು. ಕತ್ತಿನ ಹಿಂದೆ, ಜಡೆಗೂ ರವಿಕೆಗೂ ನಡುವೆ, ಬೆಳ್ಳನೆಯ ಮಚ್ಚೆ. ಹಿತ್ತಲಿಗೆ ಎಳೆದೊಯ್ದು ನೋಡಿದಳು, ಇರಲಿಲ್ಲ. ಮಾರನೆಯ ದಿನ ಅದೇ ಹೊತ್ತಿಗೆ ಮತ್ತೆ ಕಂಡಿತು. "ಬಿಸಿಲಲ್ಲಿ ಎಲ್ಲಾ ಬೆಳ್ಳಗೇ ಕಾಣುತ್ತೆ, ಅದಕ್ಕೇ ಅಲ್ಲಿ ತಿಳೀಲಿಲ್ಲ," ಎಂದು ಅಮ್ಮ ಅತ್ತಳು. ಇನ್ನು ನನ್ನ ಲೋಟವೂ ಬೇರೆ ಎಂದುಕೊಂಡೆ.

ಅಮ್ಮ ಮೇಷ್ಟ್ರಿಗೆ ಬಾಗಿಲಲ್ಲೇ ಹೇಳಿಬಿಟ್ಟಳು: "ಮಗೂಗೆ ನಿಮ್ದೇ ಅಂಟ್ಕೊಂಡಿದೆ. ರೂಮ್ ಖಾಲಿ ಮಾಡ್ಬಿಡಿ."

ಅವರು ವಾದಿಸಲಿಲ್ಲ. ಎಲ್ಲಿ, ಯಾವಾಗ ಕಂಡಿತೆಂದಷ್ಟೇ ಕೇಳಿದರು. ಮರುದಿನ ಅದೇ ಹೊತ್ತಿಗೆ ನನ್ನನ್ನು ಅಲ್ಲೇ ಕೂರಿಸಲು ಹೇಳಿ, ಹೊಸಿಲ ಮೇಲೆ ಒಂದು ಬಿಳಿ ಕಾಗದವಿಟ್ಟು ಹಿಂದೆ ಸರಿದರು. "ಮಚ್ಚೆ ಪಕ್ಕಕ್ಕೇ ಹಿಡೀರಿ."

ಹಿಡಿದ ಅಮ್ಮ ಉಸಿರೆಳೆದುಕೊಂಡಳು. "ಅಯ್ಯೋ, ಹೋಯ್ತು! ಮೈಬಣ್ಣಕ್ಕೆ ಬಂತು!"

ಮೇಷ್ಟ್ರು ಮೇಲೆ ತೋರಿಸಿದರು. ಸರಿದ ಹೆಂಚಿನ ಸಂದಿನಿಂದ ಬಿಸಿಲಿನ ಕೋಲೊಂದು ನೇರವಾಗಿ ನನ್ನ ಕತ್ತಿಗೆ ಬೀಳುತ್ತಿತ್ತು. "ಕತ್ತಲೇಲಿ ಅದೊಂದೇ ಹೊಳೀತಿತ್ತು. ಕಣ್ಣು ಅದನ್ನೇ ಬಿಳುಪು ಅಂದ್ಕೊಳ್ತು. ಅದೇ ಬಿಸಿಲಲ್ಲಿ ನಿಜವಾದ ಬಿಳುಪು ಪಕ್ಕಕ್ಕೆ ಬಂದ ಮೇಲೆ ಸುಮ್ಮನಾಯ್ತು." ಆಮೇಲೆ ತಮ್ಮ ಬೆರಳುಗಳನ್ನು ನೋಡಿಕೊಂಡರು. "ಇದು ಕಾಗದ ಹಿಡಿದ್ರೆ ಹೋಗಲ್ಲ. ಆದ್ರೆ ಅಂಟೋದೂ ಇಲ್ಲಮ್ಮ."

ಅವತ್ತು ಅಮ್ಮ ನಮ್ಮ ಲೋಟದಲ್ಲೇ ಕಾಫಿ ಕೊಟ್ಟಳು. ಆದರೂ ಲೋಟವನ್ನು ಅವರ ಕೈಗೆ ಕೊಡದೆ ಹೊಸಿಲ ಮೇಲಿಟ್ಟಳು. ಮೇಷ್ಟ್ರು ನಮ್ಮಲ್ಲೇ ಉಳಿದರು. ನನ್ನ ಭಯವೂ ಪೂರ್ತಿ ಹೋಗಲಿಲ್ಲ. ಈಗಲೂ ಕತ್ತಿಗೆ ಬಿಸಿಲು ತಾಗಿದರೆ ಕೈ ತಾನಾಗಿ ಅಲ್ಲಿಗೆ ಹೋಗುತ್ತದೆ.

ನನ್ನ ಮದುವೆಯ ಬೆಳಿಗ್ಗೆ ಅವರು ಕೋಣೆಗೆ ಬೀಗ ಹಾಕಿ ಅವತ್ತಿನ ಮಟ್ಟಿಗೆ ಪಕ್ಕದ ಜಕ್ಕೂರಿನ ಕಡೆ ಹೊರಟರು. ಅಮ್ಮ ರಸ್ತೆಯವರೆಗೂ ಓಡಿದಳು. "ಊಟಕ್ಕಾದ್ರೂ ಬನ್ನಿ ಮೇಷ್ಟ್ರೇ, ನೀವಿಲ್ದಿದ್ರೆ ಈ ಮದುವೆ ಎಲ್ಲಿತ್ತು?"

ಅವರು ಬಲಗೈಯನ್ನು ಜೇಬಿಗೆ ಇಳಿಸಿ ನಕ್ಕರು. "ಗಂಡಿನ ಕಡೆಯೋರು ಅಷ್ಟೊಂದು ಜನ. ಎಷ್ಟು ಜನಕ್ಕೆ ಅಂತ ಕಾಗದ ಹಿಡೀಲಮ್ಮ?"