ಎರಡು ತಲೆಯ ಮಣ್ಣೆತ್ತು

ದೆವ್ವ-ಭೂತದ ಮಾತು ತೆಗೆದವರ ಬಾಯಿ ಮುಚ್ಚಿಸಿಯೇ ಕಳಿಸುತ್ತಿದ್ದವಳು ನಾನು. ಈಗ ನನ್ನ ಬಾಯೇ ಕಟ್ಟಿದೆ. ನಂಬಿ ಎಂದು ನಿಮ್ಮನ್ನು ಕೇಳುವುದಿಲ್ಲ. ಆದದ್ದನ್ನು ಆದಂತೆ ಹೇಳುತ್ತೇನೆ.

ಬೆಟಗೇರಿಯಲ್ಲಿ ನಮ್ಮದು ಸೀರೆ ನೇಯುವ ಮನೆ. ನನ್ನ ತಮ್ಮ ಈರಣ್ಣ ಮೊಬೈಲಿನಲ್ಲಿ ಹಳೆಯ ಇಂಗ್ಲಿಷ್ ಸಿನಿಮಾ ಒಂದನ್ನು ನೋಡಿ ಹುಚ್ಚನಾದ. ಎಲುಬಿನ ಹಂದರವೊಂದು ಕತ್ತಿ ಹಿಡಿದು ಕಾದಾಡುವ, ಒಕ್ಕಣ್ಣಿನ ರಾಕ್ಷಸ ಗುಡ್ಡ ಇಳಿದು ಬರುವ ಸಿನಿಮಾ. ಅವೆಲ್ಲ ಗೊಂಬೆಗಳಂತೆ. ಕೂದಲೆಳೆಯಷ್ಟು ಸರಿಸಿ ಒಂದು ಫೋಟೊ, ಮತ್ತೆ ಸರಿಸಿ ಇನ್ನೊಂದು. ಸಾಲಾಗಿ ಓಡಿಸಿದರೆ ಗೊಂಬೆ ನಡೆಯುತ್ತದೆ. "ಅಕ್ಕಾ, ಇದೂ ನೇಯ್ಗಿನ ಐತಿ. ಎಳಿ ಮ್ಯಾಲೆ ಎಳಿ," ಅಂದ.

ಮಣ್ಣೆತ್ತಿನ ಅಮವಾಸ್ಯೆಗೆ ತಂದ ಮಣ್ಣಿನಲ್ಲಿ ಎರಡು ತಲೆಯ ಎತ್ತು ಮಾಡಿದ. ಅದು ಹಲಗೆಯ ಈ ತುದಿಯಿಂದ ನಡೆದು ಆ ತುದಿಯ ಗ್ವಾದಲಿಯಲ್ಲಿ, ಅದೇ ಮಣ್ಣಿನ ಮೇವಿನ ತೊಟ್ಟಿಯಲ್ಲಿ, ಮೇಯಬೇಕು, ಅಷ್ಟೇ ಅವನ ಸಿನಿಮಾ. ಅಪ್ಪ ಅದನ್ನು ನೋಡಬೇಕೆಂಬುದೊಂದೇ ಆಸೆ. ಅಪ್ಪ ಮಗ್ಗದಿಂದ ತಲೆ ಎತ್ತಲಿಲ್ಲ.

"ಅರ್ಧಾ ನೇಯ್ದ ಸೀರಿ ಯಾರರ ತೋರಸ್ತಾರೇನಲೇ? ಮುಗಿಸಿ ತಾ, ನೋಡ್ತೇನಿ."

ಎತ್ತು ಹಲಗೆಯ ನಡುವಿಗೆ ಬಂದಿದ್ದಾಗ, ಡಂಬಳದಿಂದ ಬೈಕಿನಲ್ಲಿ ಹೊರಟ ತಮ್ಮ ಮನೆ ಮುಟ್ಟಲಿಲ್ಲ. ದಾರಿಯಲ್ಲೇ ಹೋಗಿಬಿಟ್ಟ.

ಅವನ ಕೋಣೆಗೆ ಕಿಟಕಿಯಿಲ್ಲ. ದೀಪ, ಸ್ಟ್ಯಾಂಡಿಗೆ ಕಟ್ಟಿದ ಹಳೆಯ ಮೊಬೈಲು, ಅದರ ಚಾರ್ಜರು ಎಲ್ಲವನ್ನೂ ಅವನು ಬಿಟ್ಟಂತೆಯೇ ಬಿಟ್ಟು ನಾನೇ ಕೀಲಿ ಹಾಕಿದೆ. ಎತ್ತು ಹಲಗೆಯ ನಡುವೆಯೇ ನಿಂತಿತ್ತು. ಕೀಲಿಕೈ ನನ್ನ ಸೊಂಟ ಬಿಡಲಿಲ್ಲ. ಸತ್ತವನ ಮಗ್ಗದ ಮೇಲೆ ಅರ್ಧ ಸೀರೆ ಉಳಿಯಬಾರದೆಂದು ಅಪ್ಪ ಅದನ್ನು ತಾನೇ ಕೂತು ನೇಯ್ದು ಮುಗಿಸಿದ. ಮಗನ ಸಿನಿಮಾ ಮಾತ್ರ ಅವನಿಗೆ ನೆನಪಾಗಲಿಲ್ಲ.

ದಿನಕರ್ಮಗಳೆಲ್ಲ ಮುಗಿದು ನೆಂಟರು ಹೋದ ಮಧ್ಯಾಹ್ನ ಬಾಗಿಲು ತೆಗೆದೆ. ಎತ್ತು ಗ್ವಾದಲಿಯ ಮುಂದಿತ್ತು, ಎರಡೂ ಬಾಯಿ ಒಳಗೆ. ಮೊಬೈಲಿನ ಫೋಟೊಗಳನ್ನು ಓಡಿಸಿದೆ. ಅವನು ಬಿಟ್ಟುಹೋದ ನಡುವಿನಲ್ಲಿ ಎತ್ತು ನಿಲ್ಲಲಿಲ್ಲ. ಕಡೆತನಕ ಅವನ ಕೈಯದೇ ನಿಧಾನದ ನಡಿಗೆ.

ಓಡಿಹೋಗಿ ಅಪ್ಪನ ಮುಂದೆ ಹಿಡಿದೆ. "ಮುಗಿಸ್ಯಾನ ನೋಡಪಾ."

ಅಪ್ಪ ಮುಖ ತಿರುಗಿಸಿದ. "ನನಗ ಕಣ್ಣು ಕಾಣಂಗಿಲ್ಲವ್ವಾ."

ವರ್ಷಗಳಾದವು. ಆ ಎತ್ತನ್ನು ನಡೆಸಿದವರು ಯಾರೋ, ಹೇಗೋ, ನನಗೆ ಇಂದಿಗೂ ತಿಳಿದಿಲ್ಲ. ಮಣ್ಣೆತ್ತಿನ ಅಮವಾಸ್ಯೆ ಬಂದಾಗಲೊಮ್ಮೆ ಮೊಬೈಲು ಹಿಡಿದು ಅಪ್ಪನ ಮುಂದೆ ನಿಲ್ಲುತ್ತೇನೆ. ಅವನದು ಅದೇ ಮಾತು. ನಾನು ನೇಯ್ದ ಸೆರಗಿನಲ್ಲಿ ಒಂದು ಎಳೆ ತಪ್ಪಿದರೆ ಮಾತ್ರ ಅಪ್ಪ ಇವತ್ತಿಗೂ ಬಾಗಿಲಲ್ಲಿ ನಿಂತೇ ಕಂಡುಹಿಡಿಯುತ್ತಾನೆ.